ಮಾರ್ಪಾಟಿನ ಮರ್ಯಾದೆ: ‘ಕೌಂಟರ್ ಸ್ಟ್ರೈಕ್’ ಎಂಬ ಆಟದ ವಿಮರ್ಶೆ

1

ವಿಮರ್ಶೆಯೆಂಬುದು ಗ್ರಂಥಗಳಿಗೆ ಮಾತ್ರ ಸಲ್ಲತಕ್ಕುದೆಂದು ಭಾವಿಸುವವರು ನಮ್ಮಲ್ಲಿ ಹಲವರುಂಟು. ಚಲಚ್ಚಿತ್ರಕ್ಕೆ ಅದರಲ್ಲಿ ಒಂದಿಷ್ಟು ಪಾಲು ದೊರೆಯಬೇಕಾದರೆ ಬಹುಕಾಲ ಹಿಡಿಯಿತು. ಗಣಕಯಂತ್ರದ ತೆರೆಯ ಮೇಲೆ ಆಡುವ ವೀಡಿಯೋ ಆಟದ ಮಾತು ಬಂದರಂತೂ, ಅದು ಹುಡುಗರ ಕಾಲಹರಣವೆಂದು ಹೇಳಿ ಹಿರಿಯರು ಪುಟ ಮಗುಚಿಬಿಡುವರು. ಆದರೆ ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿ ದೇವತೆಗಳು ಬ್ರಹ್ಮನ ಬಳಿಗೆ ಹೋಗಿ ಬೇಡಿದುದು ಕಣ್ಣಿಗೂ ಕಿವಿಗೂ ಒದಗುವ ಒಂದು ಆಟದ ವಸ್ತುವನ್ನೇ ಎಂಬುದನ್ನು ಬಲ್ಲವರು ಬಲ್ಲರು. ನಾಟ್ಯವೇ ಆಟವೆಂಬ ಹೆಸರಿನಿಂದ ಹುಟ್ಟಿತೆಂದ ಮೇಲೆ, ಆಟವೊಂದನ್ನು ಕಲೆಯ ಒರೆಗಲ್ಲಿಗೆ ಹಚ್ಚಿ ನೋಡುವುದರಲ್ಲಿ ಅನೌಚಿತ್ಯವೇನೂ ಕಾಣದು.

ಈ ಲೇಖನಕ್ಕೆ ಎತ್ತಿಕೊಂಡಿರುವ ಕೃತಿ ‘ಕೌಂಟರ್ ಸ್ಟ್ರೈಕ್’. ಈ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರು ಮೈಸೂರುಗಳ ಸೈಬರ್ ಕೆಫೆಗಳಲ್ಲಿ ಗಂಟೆಯ ಲೆಕ್ಕಕ್ಕೆ ಹಣ ತೆತ್ತು ಕುಳಿತ ವಿದ್ಯಾರ್ಥಿಗಳಿಗೆ ಇದರ ಹೆಸರು ಮನೆಯ ಮಾತಾಗಿದ್ದಿತು. ಓದಲೆಂದು ಕೊಡಗಿನಿಂದ ಅಲ್ಲಿಗೆ ಹೋದ ತರುಣರಲ್ಲಿಯೂ ಇದನ್ನು ಆಡಿದವರು ಉಂಟು. ಅವರು ಈಗ ಸಂಸಾರಸ್ಥರು. ಹೀಗೆ ಒಂದು ತಲೆಮಾರಿನ ಮನಸ್ಸನ್ನು ಆಳಿದ ವಸ್ತುವನ್ನು ಕುರಿತು ನಾಲ್ಕು ಮಾತು ವಿವೇಚಿಸುವುದು ಸಾಹಿತ್ಯಸಂಘಕ್ಕೆ ಹೊರತಾದ ಕೆಲಸವಲ್ಲ. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದು: ಈ ಕೃತಿಯು ಸ್ವತಂತ್ರವಾಗಿ ಹುಟ್ಟಿದುದಲ್ಲ, ಮತ್ತೊಬ್ಬರ ಕೃತಿಯ ಮೇಲಿನ ಅಭಿಮಾನದಿಂದ ಇಬ್ಬರು ಗೆಳೆಯರು ಮಾಡಿದ ಮಾರ್ಪಾಟು. ಮಾರ್ಪಾಟಿಗೆ ಕೃತಿಯೆಂಬ ಮರ್ಯಾದೆ ಸಲ್ಲುವುದೇ, ಸಲ್ಲುವುದಾದರೆ ಯಾವ ಗುಣದಿಂದ, ಎಂಬ ಪ್ರಶ್ನೆ ಕನ್ನಡದ ಓದುಗರಿಗೆ ಹೊಸದಲ್ಲ.

2

ಮೊದಲು ಇತಿಹಾಸವನ್ನು ಸಂಗ್ರಹವಾಗಿ ಹೇಳಬೇಕು. ಅಮೆರಿಕಾ ದೇಶದ ವಾಲ್ವ್ ಎಂಬ ಸಂಸ್ಥೆಯು 1998ರ ನವೆಂಬರಿನಲ್ಲಿ ‘ಹಾಫ್ ಲೈಫ್’ ಎಂಬ ಆಟವನ್ನು ಹೊರತಂದಿತು. ಒಬ್ಬ ಭೌತವಿಜ್ಞಾನಿ, ಕೈಮೀರಿದ ಒಂದು ಪ್ರಯೋಗ, ಅದರಿಂದ ಬೇರೆ ಲೋಕದ ಪ್ರಾಣಿಗಳ ಆಕ್ರಮಣ, ಇದು ಅದರ ಕಥೆ. ಆ ಆಟವು ನಿಂತಿದ್ದ ತಳಹದಿ, ಎಂದರೆ ಎಂಜಿನ್ ಎಂದು ಕರೆಯುವ ಯಂತ್ರಭಾಗ, ವಾಲ್ವ್ ಸಂಸ್ಥೆಯವರು ಮೊದಲಿನಿಂದ ಕಟ್ಟಿದುದಲ್ಲ. ಇಡ್ ಸಾಫ್ಟ್‌ವೇರ್ ಎಂಬ ಸಂಸ್ಥೆಯು 1996ರಲ್ಲಿ ಹೊರತಂದ ‘ಕ್ವೇಕ್’ ಆಟದ ಎಂಜಿನ್ನನ್ನು ಅನುಮತಿ ಪಡೆದು ಬಹಳವಾಗಿ ತಿದ್ದಿಕೊಂಡುದು. ಮೂಲವೆಂದು ನಾವು ಕರೆಯುವುದೂ ಮತ್ತೊಂದು ಮೂಲದ ಮೇಲೆ ನಿಂತಿರುವುದೆಂಬುದನ್ನು ಇಲ್ಲಿ ನೆನಪಿನಲ್ಲಿಡತಕ್ಕುದು.

ಮಿನ್ಹ್ ಲೀ ವಿಯೆಟ್ನಾಮಿನಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದವನು. ಅಲ್ಲಿಯ ಸೈಮನ್ ಫ್ರೇಸರ್ ವಿಶ್ವವಿದ್ಯಾನಿಲಯದಲ್ಲಿ ಗಣಕಶಾಸ್ತ್ರದ ವಿದ್ಯಾರ್ಥಿ. ಜೆಸ್ ಕ್ಲಿಫ್ ಅಮೆರಿಕಾದ ವಿದ್ಯಾರ್ಥಿ. ಇಬ್ಬರಿಗೂ ಪರಿಚಯವಾದುದು ಮತ್ತೊಂದು ಮಾರ್ಪಾಟಿನ ಆಟವಾದ ‘ಆ್ಯಕ್ಷನ್ ಕ್ವೇಕ್ 2’ರ ಬಳಗದಲ್ಲಿ. ಒಂದೇ ಊರಿನವರಲ್ಲ, ಒಂದೇ ದೇಶದವರೂ ಅಲ್ಲ. ಒಂದು ಆಟದ ಮೇಲಿನ ಪ್ರೀತಿಯೇ ಅವರಿಗೆ ನೆರೆಹೊರೆಯಾಯಿತು. ಆಟದ ನಿಯಮಗಳನ್ನು ಯಂತ್ರಕ್ಕೆ ತಿಳಿಯುವಂತೆ ಬರೆಯುವುದು, ಕೋವಿಗಳ ರೂಪವನ್ನು ಕಡೆಯುವುದು ಲೀಯ ಪಾಲಾಯಿತು. ಹೆಸರಿಡುವುದು, ಧ್ವನಿ ಕೂಡಿಸುವುದು, ಜಾಲತಾಣವನ್ನು ನಡೆಸುವುದು, ಆಡುವವರ ಆಕ್ಷೇಪಗಳನ್ನು ಕೇಳುವುದು ಕ್ಲಿಫ್‌ನ ಪಾಲಾಯಿತು. 1999ರ ಜೂನ್ ತಿಂಗಳಲ್ಲಿ ಮೊದಲ ಪರೀಕ್ಷಾರ್ಥ ಆವೃತ್ತಿಯು ಹೊರಬಿದ್ದಿತು. ‘ಹಾಫ್ ಲೈಫ್’ ಕೊಂಡಿದ್ದವರೆಲ್ಲರಿಗೂ ಇದು ಉಚಿತ. ಒಂದೂವರೆ ವರ್ಷದೊಳಗೆ ವಾಲ್ವ್ ಸಂಸ್ಥೆಯು ಆಟದ ಹಕ್ಕನ್ನು ಕೊಂಡು, ಗೆಳೆಯರಿಬ್ಬರನ್ನೂ ಕೆಲಸಕ್ಕೆ ತೆಗೆದುಕೊಂಡು, 2000ದ ನವೆಂಬರಿನಲ್ಲಿ ಅದನ್ನು ಅಂಗಡಿಗೆ ತಂದಿತು.

3

ಈಗ ಪೂರ್ವಪಕ್ಷವನ್ನು ಕೇಳೋಣ. “ತಳಹದಿ ಒಬ್ಬರದು, ಗೋಡೆ ಮತ್ತೊಬ್ಬರದು, ಸುಣ್ಣ ಬಳಿದವರು ಮನೆಯ ಒಡೆಯರಾಗುವರೇ?” ಎಂಬುದು ಆಕ್ಷೇಪ. ಇದೇ ಆಕ್ಷೇಪವನ್ನು ಪಂಪನ ಮೇಲೆಯೂ ಹೊರಿಸಬಹುದಾಗಿತ್ತು. ವ್ಯಾಸರ ಕಥೆಯನ್ನು ತೆಗೆದುಕೊಂಡು, ತನ್ನ ಒಡೆಯನಾದ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡು, ಪಂಪನು 941ರ ಸುಮಾರಿಗೆ ‘ವಿಕ್ರಮಾರ್ಜುನವಿಜಯ’ವನ್ನು ರಚಿಸಿದನು. ಅವನನ್ನು ಸುಣ್ಣ ಬಳಿದವನೆಂದು ಯಾರೂ ಕರೆಯಲಿಲ್ಲ. ಇನ್ನೂ ಹತ್ತಿರದ ನಿದರ್ಶನ ಬೇಕಾದರೆ ಬಿ. ಎಂ. ಶ್ರೀಕಂಠಯ್ಯನವರ ‘ಗದಾಯುದ್ಧ ನಾಟಕಂ’ ಉಂಟು. ರನ್ನನ ಚಂಪೂಕಾವ್ಯದ ಪದ್ಯಗಳನ್ನೇ ಆಯ್ದು, ಜೋಡಿಸಿ, ಗ್ರೀಕರ ರುದ್ರನಾಟಕದ ದೃಷ್ಟಿಯನ್ನು ಅದಕ್ಕೆ ಕೊಟ್ಟ ಕೃತಿಯದು. ಪದ್ಯ ರನ್ನನದು, ನಾಟಕ ಶ್ರೀಯವರದು. ನಮ್ಮ ಕೊಡಗಿನಲ್ಲಿಯೇ ಹರದಾಸ ಅಪ್ಪಚ್ಚಕವಿಗಳು ಯಯಾತಿ, ಸಾವಿತ್ರಿ, ಸುಬ್ರಹ್ಮಣ್ಯ, ಕಾವೇರಿಯರ ಪುರಾಣಕಥೆಗಳನ್ನು ಕೊಡವ ಭಾಷೆಯ ನಾಟಕಗಳನ್ನಾಗಿ ಮಾಡಿದರು. ಕಥೆ ಹಳೆಯದಾದರೂ ಆ ಭಾಷೆಗೆ ನಾಟಕವೆಂಬುದು ಹೊಸದಾಗಿ ಬಂದುದು ಅವರಿಂದ.

ಆದಕಾರಣ ಮೂಲವು ಯಾರದೆಂದು ಕೇಳಿದರೆ ಸಾಲದು. ತೆಗೆದುಕೊಂಡವನು ಏನು ಬಿಟ್ಟನು, ಏನು ಕೂಡಿಸಿದನು, ಬಿಟ್ಟು ಕೂಡಿಸಿದುದರಿಂದ ಹೊಸ ಅರ್ಥ ಹುಟ್ಟಿತೇ ಎಂದು ಕೇಳಬೇಕು. ಇದ್ದುದನ್ನು ಇದ್ದಂತೆಯೇ ಮಾಡಿದರೆ ಅನುಕರಣ. ಹೆಸರು ಮರೆಸಿ ಮಾಡಿದರೆ ಅಪಹರಣ. ಮೂಲವನ್ನು ಒಪ್ಪಿಕೊಂಡೇ ಅದರಲ್ಲಿಲ್ಲದ ಅರ್ಥವನ್ನು ಹೊರಡಿಸಿದರೆ ಪುನಸ್ಸೃಷ್ಟಿ. ಈ ಮೂರರಲ್ಲಿ ‘ಕೌಂಟರ್ ಸ್ಟ್ರೈಕ್’ ಯಾವ ಸಾಲಿಗೆ ಸೇರುವುದೆಂಬುದನ್ನು ಅದರ ರಚನೆಯಿಂದಲೇ ತೀರ್ಮಾನಿಸಬೇಕು.

4

ಗೆಳೆಯರು ಬಿಟ್ಟುದು ಬಹಳ. ವಿಜ್ಞಾನಿಯಿಲ್ಲ, ಅನ್ಯಲೋಕದ ಪ್ರಾಣಿಗಳಿಲ್ಲ, ಕಥೆಯೇ ಇಲ್ಲ. ಎರಡು ಪಕ್ಷಗಳು, ಒಂದು ಭಯೋತ್ಪಾದಕರದು, ಇನ್ನೊಂದು ಅವರನ್ನು ತಡೆಯುವವರದು. ಒತ್ತೆಯಾಳುಗಳನ್ನು ಬಿಡಿಸಬೇಕು, ಇಲ್ಲವೆ ಒಂದು ಪಕ್ಷದವರು ಇಟ್ಟ ಬಾಂಬನ್ನು ಇನ್ನೊಂದು ಪಕ್ಷದವರು ನಿಷ್ಕ್ರಿಯಗೊಳಿಸಬೇಕು. ಕೆಲವೇ ನಿಮಿಷಗಳ ಒಂದು ಸುತ್ತು. ಹೀಗೆ ಹಲವು ಸುತ್ತು. ಇಷ್ಟೇ ವಸ್ತು. ಆದರೆ ಮೂರು ನಿಯಮಗಳಿಂದ ಈ ಬಡ ವಸ್ತುವು ಪುಷ್ಟಿಗೊಂಡಿತು.

ಮೊದಲನೆಯದು ಮರಣದ ನಿಯಮ. ‘ಹಾಫ್ ಲೈಫ್’ನಲ್ಲಿಯೂ, ಆ ಕಾಲದ ಅಂತಹ ಹಲವು ಆಟಗಳಲ್ಲಿಯೂ, ಹಲವರು ಕೂಡಿ ಕಾದಾಡುವಾಗ ಸತ್ತವನು ಮರುಕ್ಷಣದಲ್ಲಿಯೇ ಹುಟ್ಟಿ ಬರುತ್ತಿದ್ದನು. ಸಾವಿಗೆ ಬೆಲೆಯಿಲ್ಲದೆಡೆ ಬದುಕಿಗೆ ಎಚ್ಚರವಿಲ್ಲ. ಆದ್ದರಿಂದ ಅಲ್ಲಿ ಕಾಣುತ್ತಿದ್ದುದು ಓಟ ಮತ್ತು ಸದ್ದು ಮಾತ್ರ. ಈ ಗೆಳೆಯರು ಸತ್ತವನು ಸುತ್ತು ಮುಗಿಯುವವರೆಗೆ ಮರಳಿ ಬಾರದಂತೆ ಮಾಡಿದರು. ಇದರ ಫಲ ಅದ್ಭುತವಾದುದು. ಒಂದು ಬಾಗಿಲನ್ನು ದಾಟುವ ಮೊದಲು ಆಟಗಾರನು ನಿಲ್ಲುವನು, ಕಿವಿಗೊಡುವನು. ಅತ್ತಣಿಂದ ಬರುವ ಹೆಜ್ಜೆಯ ಸಪ್ಪಳವೂ ಅವನಿಗೆ ವಾರ್ತೆಯಾಗುವುದು. ಸತ್ತವನಾದರೋ ತನ್ನ ಗೆಳೆಯರ ಕಣ್ಣಿನಿಂದ ಉಳಿದ ಕಾಳಗವನ್ನು ನೋಡುತ್ತ ಕೂರುವನು. ನಟನಾಗಿದ್ದವನು ಪ್ರೇಕ್ಷಕನಾಗುವನು. ನಾಲ್ವರು ಬಿದ್ದು ಒಬ್ಬನು ಉಳಿದಾಗ, ಆ ಒಬ್ಬನ ಬೆನ್ನ ಹಿಂದೆ ನಾಲ್ವರ ಮೌನ ಕುಳಿತಿರುವುದು. ಒಂದು ನಿಯಮವನ್ನು ಬದಲಿಸಿದುದರಿಂದ ರಂಗವೂ ಹುಟ್ಟಿತು, ಸಭೆಯೂ ಹುಟ್ಟಿತು. ಮುಂದೆ ಸಾವಿರಾರು ಜನ ಕೂಡಿ ಈ ಆಟದ ಪಂದ್ಯಗಳನ್ನು ನೋಡುವಂತಾದುದರ ಬೀಜ ಇಲ್ಲಿದೆಯೆಂದು ನಮ್ಮ ಅಭಿಪ್ರಾಯ.

ಎರಡನೆಯದು ಹಣದ ನಿಯಮ. ಪ್ರತಿಯೊಬ್ಬನಿಗೂ ಆರಂಭದಲ್ಲಿ ದೊರೆಯುವುದು 800 ಡಾಲರ್. ಅದರಿಂದ ಒಳ್ಳೆಯ ಕೋವಿ ಬಾರದು. ಗೆದ್ದರೆ ಹಣ, ಶತ್ರುವನ್ನು ಕೆಡವಿದರೆ 300. ಒತ್ತೆಯಾಳನ್ನು ಕೊಂದರೆ ದಂಡ. ಸತತವಾಗಿ ಸೋಲುವ ಪಕ್ಷಕ್ಕೆ ಕೊಡುವ ಹಣ ಸುತ್ತಿನಿಂದ ಸುತ್ತಿಗೆ ಏರುವುದು. ಸೋತವನು ಸೋಲಿನಲ್ಲಿಯೇ ಹೂತುಹೋಗಬಾರದೆಂಬ ಕರುಣೆ ಲೆಕ್ಕದ ಪುಸ್ತಕದೊಳಗೆ ಅಡಗಿದೆ. ಇದರಿಂದಾಗಿ ಪ್ರತಿಯೊಂದು ಸುತ್ತಿಗೂ ನಿನ್ನೆಯೆಂಬುದೊಂದು, ನಾಳೆಯೆಂಬುದೊಂದು ಬಂದಿತು. ಈ ಸುತ್ತನ್ನು ಬರಿಗೈಯಲ್ಲಿ ಕಳೆದು ಮುಂದಿನದಕ್ಕೆ ಕೂಡಿಡೋಣವೇ, ನನ್ನ ಹಣದಿಂದ ಗೆಳೆಯನಿಗೊಂದು ಕೋವಿ ಕೊಂಡು ಅವನ ಮುಂದೆ ಹಾಕಲೇ ಎಂಬ ಆಲೋಚನೆ ಹುಟ್ಟಿತು. ಕಾಫಿಯ ಬೆಲೆ ಬಿದ್ದ ವರ್ಷ ಹೇಗೋ ಕಳೆದು ಮುಂದಿನ ಫಸಲಿಗೆ ಗೊಬ್ಬರ ಹೊಂದಿಸುವ ನಮ್ಮ ಬೆಳೆಗಾರನಿಗೆ ಈ ಅರ್ಥಶಾಸ್ತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು ಕೋವಿಯ ನಿಯಮ. ಓಡುತ್ತ ಹೊಡೆದರೆ ಗುರಿ ತಪ್ಪುವುದು. ಬಿಡದೆ ಹೊಡೆದರೆ ಕೋವಿಯ ಮೂತಿ ಮೇಲೇರಿ ಗುಂಡು ಚೆದರುವುದು. ನಿಂತು, ಉಸಿರು ಹಿಡಿದವನಂತೆ ತಡೆದು, ಒಂದೆರಡು ಗುಂಡು ಬಿಟ್ಟು ಮತ್ತೆ ತಡೆಯಬೇಕು. ಎಂದರೆ ಸಂಯಮವೇ ಇಲ್ಲಿ ಪರಾಕ್ರಮ. ಕೋವಿಯನ್ನು ಬಲ್ಲ ಕೊಡಗಿನವರು ರೂಪದಲ್ಲಿ ಒಂದು ತಪ್ಪನ್ನೂ ಹಿಡಿಯಬಲ್ಲರು: ಹಳೆಯ ಆವೃತ್ತಿಗಳಲ್ಲಿ ಬಲಗೈಯಲ್ಲಿ ಹಿಡಿದಂತೆ ತೋರುವ ಎಕೆ-47ರಲ್ಲಿ, ಸುಟ್ಟ ತೋಟಾದ ಚಿಪ್ಪು ಹೊರಚಿಮ್ಮುವ ಬಾಯಿ ಎಡಮಗ್ಗುಲಿಗೆ ಬಂದಿದೆ, ನಿಜವಾದುದರಲ್ಲಿ ಅದು ಬಲಮಗ್ಗುಲಿನಲ್ಲಿರುವುದು. ಚಿತ್ರದ ಈ ದೋಷದಿಂದ ಕೃತಿಗೆ ಕುಂದಿಲ್ಲ. ಕೋವಿಯ ಮೈ ತಪ್ಪಾಗಿದ್ದರೂ ಅದರ ಶೀಲ ಸರಿಯಾಗಿದೆ.

ಈ ಮೂರೂ ನಿಯಮಗಳು ‘ಹಾಫ್ ಲೈಫ್’ನಲ್ಲಿ ಇರಲಿಲ್ಲ, ಮೂರೂ ಒಂದೇ ಅರ್ಥದ ಕಡೆಗೆ ಹರಿಯುವುವು. ಆದುದರಿಂದ ಇದು ಅನುಕರಣವಲ್ಲ, ಪುನಸ್ಸೃಷ್ಟಿಯೆಂದು ಧಾರಾಳವಾಗಿ ಹೇಳಬಹುದು.

ಇಬ್ಬರ ಕೃತಿಯೆಂದೆವು, ಆದರೆ ಇಬ್ಬರದೇ ಅಲ್ಲ. ಕಾಳಗ ನಡೆಯುವ ಎಡೆಗಳನ್ನು, ಆಟಗಾರರು ಮ್ಯಾಪ್ ಎನ್ನುವ ಅಂಕಣಗಳನ್ನು, ರಚಿಸಿ ಕಳುಹಿಸಿದವರು ಬೇರೆ ಬೇರೆ ದೇಶಗಳ ಅಭಿಮಾನಿಗಳು. ಅವುಗಳಲ್ಲೆಲ್ಲ ಪ್ರಸಿದ್ಧವಾದ ‘ಡಸ್ಟ್’ ಎಂಬುದನ್ನು 1999ರಲ್ಲಿ ಮಾಡಿದವನು ಇಂಗ್ಲೆಂಡಿನ ಡೇವ್ ಜಾನ್‌ಸ್ಟನ್ ಎಂಬ ಹುಡುಗ. ಮರಳುಬಣ್ಣದ ಗೋಡೆಗಳು, ಕಮಾನುಗಳು, ಒಂದು ಸೇತುವೆ, ಅದರಡಿಯಲ್ಲೊಂದು ಹಾದಿ. ಎರಡು ಪಕ್ಷದವರೂ ಎಲ್ಲಿ ಎದುರಾಗುವರೆಂಬುದನ್ನು ದಾರಿಯ ಉದ್ದವೇ ನಿಶ್ಚಯಿಸುವಂತೆ ಅಳೆದ ರಚನೆ. ಅಲಂಕಾರ ಕಡಿಮೆ, ಔಚಿತ್ಯ ಹೆಚ್ಚು. ಹಲವರ ಕೈಕೆಲಸವನ್ನು ಆಯ್ದು, ಬೇಡದುದನ್ನು ಬಿಟ್ಟು, ಒಂದು ಸೂತ್ರದಲ್ಲಿ ಕೋದ ಕೀರ್ತಿ ಗೆಳೆಯರಿಬ್ಬರಿಗೆ ಸಲ್ಲತಕ್ಕುದು. ನಡಿಕೇರಿಯಂಡ ಚಿಣ್ಣಪ್ಪನವರು ಹಲವು ಬಾಯಿಗಳಲ್ಲಿದ್ದ ಹಾಡುಗಳನ್ನು ಕೂಡಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಪ್ರಕಟಿಸಿದುದನ್ನು ಬಲ್ಲ ನಮಗೆ, ಸಂಗ್ರಾಹಕನೂ ಒಂದರ್ಥದಲ್ಲಿ ಕರ್ತೃವೆಂಬುದು ತಿಳಿಯದ ಮಾತಲ್ಲ. ನಮ್ಮ ಬಾಳೋಪಾಟಿನಲ್ಲಿ ದುಡಿ ಹಿಡಿದ ನಾಲ್ವರು ಎರಡು ಜೋಡಿಯಾಗಿ ನಿಂತು, ಒಂದು ಜೋಡಿ ಹಾಡಿದುದನ್ನು ಇನ್ನೊಂದು ಜೋಡಿ ಎತ್ತಿಕೊಳ್ಳುವುದುಂಟು. ಒಬ್ಬನ ಉಸಿರು ಮುಗಿದೆಡೆ ಮತ್ತೊಬ್ಬನದು ಆರಂಭವಾಗುವುದು. ಲೀ ಮಾಡಿ ಕಳುಹಿಸಿದ ಆವೃತ್ತಿಯನ್ನು ಆಡುವವರು ಆಡಿ ಹಳಿದುದು, ಹಳಿದುದನ್ನು ಕ್ಲಿಫ್ ಕೇಳಿ ಮುಟ್ಟಿಸಿದುದು, ಮುಂದಿನ ಆವೃತ್ತಿಯಲ್ಲಿ ಅದು ತಿದ್ದಿಕೊಂಡುದು, ಇವೂ ಅಂತಹುದೇ ಹಾಡುಗಾರಿಕೆ.

5

ಗುಣವನ್ನು ಹೇಳಿದ ಮೇಲೆ ದೋಷವನ್ನು ಮರೆಸಬಾರದು. ಮುಖ್ಯವಾದ ದೋಷ ಕಾರಣದ ಅಭಾವ. ಈ ಭಯೋತ್ಪಾದಕರು ಯಾರು, ಏತಕ್ಕಾಗಿ ಬಾಂಬಿಡುವರು, ಸತ್ತವರಿಗೆ ಮನೆಯುಂಟೇ ಮಕ್ಕಳುಂಟೇ ಎಂಬುದನ್ನು ಕೃತಿಯು ಕೇಳುವುದಿಲ್ಲ. ಸಾವಿಗೆ ಬೆಲೆ ಕೊಟ್ಟಿತೆಂದೆವು. ಆದರೆ ಆ ಬೆಲೆ ಆಡುವವನ ಕಾಯುವ ಹೊತ್ತಿನದು, ಸತ್ತ ಜೀವದ್ದಲ್ಲ. ವ್ಯೂಹವನ್ನೂ ಗುರಿಯನ್ನೂ ಇಷ್ಟು ಚೆನ್ನಾಗಿ ಬಲ್ಲ ಕೃತಿಯು ಶೋಕವನ್ನು ಒಂದಿಷ್ಟೂ ಅರಿಯದು. ರನ್ನನ ದುರ್ಯೋಧನನು ಹೆಣಗಳ ನಡುವೆ ನಡೆದುಹೋಗುವಾಗ ಯುದ್ಧವೆಂದರೇನೆಂಬುದು ಓದುಗನಿಗೆ ತಿಳಿಯುವುದು. ಇಲ್ಲಿ ಸುತ್ತು ಮುಗಿದೊಡನೆ ಹೆಣಗಳು ಮಾಯವಾಗುವುವು.

ಈ ದೋಷವು ಬೇರೆಡೆಯ ಓದುಗರಿಗಿಂತ ಕೊಡಗಿನವರಿಗೆ ಹೆಚ್ಚು ಚುಚ್ಚಬೇಕು. ಏತಕ್ಕೆಂದರೆ ಇಲ್ಲಿ ಕೋವಿಗೆ ಒಂದು ಸಂಸ್ಕಾರವುಂಟು. ಕೈಲ್ ಮುಹೂರ್ತದಲ್ಲಿ ಕೋವಿಯನ್ನು ದೇವರ ಮುಂದಿಟ್ಟು, ಗಂಧ ಹಚ್ಚಿ, ತೋಕ್ ಪೂವಿನಿಂದ ಸಿಂಗರಿಸುವರು. ಹಿರಿಯನು ಅದನ್ನು ಕಿರಿಯನ ಕೈಗೆ ಕೊಡುವಾಗ ಬುದ್ಧಿಯ ಮಾತನ್ನೂ ಕೂಡಿಸಿ ಕೊಡುವನು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮರಣವಾದರೆ ಎರಡು, ಹುತ್ತರಿಯಲ್ಲಿ ಮೊದಲ ಕದಿರು ಕೊಯ್ಯುವಾಗ ಒಂದು. ನಾಡಿನ ಕಾಯಿದೆಯೂ ಇದನ್ನು ಮನ್ನಿಸಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯ ವಿಷಯದಲ್ಲಿ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರಕಾರವು 2019ರಲ್ಲಿ ಹತ್ತು ವರ್ಷ ಮುಂದುವರಿಸಿತು. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಆ ವಿನಾಯಿತಿಯನ್ನು ಎತ್ತಿಹಿಡಿಯಿತು. ಇಂತಹ ವಿಶ್ವಾಸವನ್ನು ಪಡೆದ ನಾಡಿನ ತರುಣನು, ಕೋವಿ ಏತಕ್ಕೆಂಬ ಪ್ರಶ್ನೆಯೇ ಇಲ್ಲದ ಆಟದಲ್ಲಿ ರಾತ್ರಿಗಳನ್ನು ಕಳೆದರೆ, ಅವನಿಗೆ ಕೈಚಳಕ ಬಂದೀತು, ಸಂಸ್ಕಾರ ಬಾರದು. ಆಟವು ಸಂಯಮವನ್ನು ಕಲಿಸುವುದು ಗುರಿ ಮುಟ್ಟಲೆಂದು. ನಮ್ಮ ಐನ್‌ಮನೆಯು ಸಂಯಮವನ್ನು ಕಲಿಸುವುದು ಹೊಡೆಯದೆ ಇರಲೆಂದೂ ಹೌದು. ಎರಡಕ್ಕೂ ಇರುವ ಅಂತರವನ್ನು ಆಡುವವನು ಅರಿತಿರಬೇಕು. ಆಡುವುದೇ ಪಾಪವೆಂಬುದು ನಮ್ಮ ಮತವಲ್ಲ. ಚದುರಂಗದಲ್ಲಿಯೂ ಆನೆ ಕುದುರೆಗಳು ಸಾಯುವುವು.

ಇನ್ನೊಂದು ಮಾತು ಕೃತಿಯ ಮುಂದಿನ ಗತಿಗೆ ಸಂಬಂಧಿಸಿದುದು. ಉಚಿತವಾಗಿ ಹಂಚಿದ ವಸ್ತು ವ್ಯಾಪಾರದ ವಸ್ತುವಾಯಿತು. ಗೆಳೆಯರಿಗೆ ಅದರಿಂದ ಜೀವಿಕೆಯೂ ಹೆಸರೂ ದೊರೆತುವು, ಅದು ನ್ಯಾಯವೇ. ಸಂಸ್ಥೆಯು ಮಾರ್ಪಾಟು ಮಾಡುವ ಉಪಕರಣಗಳನ್ನು ತಾನಾಗಿಯೇ ಹಂಚಿ, ಅಭಿಮಾನಿಗಳ ಕೆಲಸವನ್ನು ಕಳವೆಂದು ದೂರದೆ, ಬೆಲೆಗೊಟ್ಟು ಕೊಂಡುದು ಶ್ಲಾಘ್ಯವಾದುದು; ಎಲ್ಲ ಸಂಸ್ಥೆಗಳೂ ಹಾಗೆ ನಡೆದುಕೊಂಡಿಲ್ಲ. ಆದರೆ 2012ರಲ್ಲಿ ಬಂದ ‘ಗ್ಲೋಬಲ್ ಅಫೆನ್ಸಿವ್’ ಎಂಬ ಆವೃತ್ತಿಗೆ 2013ರ ಆಗಸ್ಟಿನಲ್ಲಿ ಕೋವಿಗಳ ಮೇಲ್ಬಣ್ಣಗಳನ್ನು ಮಾರುವ ಏರ್ಪಾಡು ಸೇರಿತು. ಪೆಟ್ಟಿಗೆ ತೆರೆಯಲು ಹಣ ಕೊಡಬೇಕು, ಒಳಗೇನಿದೆಯೆಂಬುದು ಅದೃಷ್ಟ. ಆ ಬಣ್ಣಗಳನ್ನೇ ಪಣವಾಗಿಟ್ಟು ಜೂಜಾಡುವ ತಾಣಗಳು ಹೊರಗಿನವರಿಂದ ಹುಟ್ಟಿಕೊಂಡು ಹುಡುಗರನ್ನು ಸೆಳೆದುವು. 2016ರಲ್ಲಿ ವಾಲ್ವ್ ಸಂಸ್ಥೆಯೇ ಅವುಗಳಿಗೆ ನಿಲ್ಲಿಸಿರೆಂದು ಪತ್ರ ಬರೆಯಬೇಕಾಯಿತು. ಬಣ್ಣದಿಂದ ಗುರಿ ಹೆಚ್ಚದು, ಆಟ ಬದಲಾಗದು. 800 ಡಾಲರಿನ ಹುಸಿ ಹಣದಿಂದ ಅರ್ಥವನ್ನು ಹೊರಡಿಸಿದ ಕೃತಿಯ ಮೈಮೇಲೆ ನಿಜವಾದ ಹಣವು ಅರ್ಥವಿಲ್ಲದೆ ಕುಳಿತುದು ಇದರ ದುರಂತ. 2023ರಲ್ಲಿ ಹೊರಬಂದ ‘ಕೌಂಟರ್ ಸ್ಟ್ರೈಕ್ 2’ಕ್ಕೂ ಆ ಬಣ್ಣದ ಸಂತೆ ಬೆನ್ನುಬಿಡದೆ ಬಂದಿತು. ಆದರೂ ಮೂಲ ಮಾರ್ಪಾಟಿನ ಮೂರು ನಿಯಮಗಳು ಅದರಲ್ಲಿಯೂ ಅಳಿಯದೆ ಉಳಿದಿವೆ. ಯಂತ್ರ ಬದಲಾಯಿತು, ಚಿತ್ರ ಬದಲಾಯಿತು, ಒಡೆತನ ಬದಲಾಯಿತು. ಇಬ್ಬರು ವಿದ್ಯಾರ್ಥಿಗಳ ಆಲೋಚನೆ ಬದಲಾಗಲಿಲ್ಲ. ಕೃತಿಯ ಸತ್ತ್ವಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

6

ಸಾರಾಂಶವಿಷ್ಟು. ‘ಕೌಂಟರ್ ಸ್ಟ್ರೈಕ್’ ರಚನೆಯಲ್ಲಿ ಮೇಲಾದ, ಭಾವದಲ್ಲಿ ಬಡವಾದ ಕೃತಿ. ಮೂಲವನ್ನು ಪ್ರೀತಿಸಿದವನೇ ಮೂಲವನ್ನು ಬದಲಿಸಲು ಅರ್ಹನೆಂಬುದಕ್ಕೆ ಅದು ನಿದರ್ಶನ. ಪ್ರೀತಿಸಿದ ಮಾತ್ರಕ್ಕೆ ಬದಲಿಸುವ ಶಕ್ತಿ ಬಾರದೆಂಬುದಕ್ಕೆ ಅದೇ ಕಾಲದಲ್ಲಿ ಹುಟ್ಟಿ ಹೆಸರಿಲ್ಲದೆ ಹೋದ ಎಷ್ಟೋ ಮಾರ್ಪಾಟುಗಳು ನಿದರ್ಶನ.

ನಮ್ಮ ಜಿಲ್ಲೆಯ ತರುಣರಲ್ಲಿ ಇಬ್ಬರು ಗೆಳೆಯರು ಕೂಡಿ ಇಂತಹುದೊಂದು ಕೆಲಸಕ್ಕೆ ಕೈಹಾಕಿದರೆ ಹಿರಿಯರು ಅದನ್ನು ಮಕ್ಕಳಾಟವೆಂದು ತಳ್ಳಬಾರದು, ಪರರ ಸೊತ್ತೆಂದು ಹಳಿಯಲೂಬಾರದು. ಮೂಲಕರ್ತನ ಅನುಮತಿಯುಂಟೇ ಎಂದು ಕೇಳಲಿ. ಬಳಿಕ ಏನು ಬಿಟ್ಟಿರಿ, ಏನು ಕೂಡಿಸಿದಿರಿ ಎಂದು ಕೇಳಲಿ. ತರುಣರೂ ಪರದೇಶದ ಮರಳುಗೋಡೆಗಳನ್ನು ಮತ್ತೆ ಮತ್ತೆ ಕಟ್ಟಿದರೆ ಸಾಲದು. ಮಂದ್‌ನ ಬಯಲು, ದೇವರಕಾಡಿನ ನೆರಳು, ಗದ್ದೆಯ ಬದುವಿನ ಇಕ್ಕಟ್ಟಾದ ದಾರಿ, ಮುಂಗಾರಿನ ಮಂಜಿನಲ್ಲಿ ಹತ್ತು ಮಾರು ದೂರದ ಮನುಷ್ಯನೂ ಕಾಣದ ಬೆಟ್ಟದ ತಪ್ಪಲು, ಇವೆಲ್ಲ ಅಳೆಯುವವನಿಗಾಗಿ ಕಾದಿವೆ. ಗುಂಡು ಹಾರಿಸದೆಯೇ ಗೆಲ್ಲುವ ಒಂದು ನಿಯಮವನ್ನು ಅವರು ಕಂಡುಹಿಡಿದರೆ, ಆ ಇಬ್ಬರು ಗೆಳೆಯರು ಬಿಟ್ಟುಹೋದ ಕೊರತೆಯನ್ನು ತುಂಬಿದ ಕೀರ್ತಿ ಈ ನಾಡಿಗೆ ಬರುವುದು. ಅಂತಹ ಕೃತಿಯು ಹುಟ್ಟಿದ ದಿನ ಅದನ್ನು ಒರೆಗೆ ಹಚ್ಚಿ ನೋಡಲು ಈ ಪತ್ರಿಕೆಯ ಪುಟಗಳು ತೆರೆದಿರಲಿ.